ಯಾವ ಮಾತು ಯಾವ ನೋವಿಗೆ: ನಿಟ್ಟೂರಿನಿಂದ ಮನೋಚಿಕಿತ್ಸೆಗೆ ಹೊರಡುವವರಿಗೆ

"ಒಂದಷ್ಟು ದಿನ ಕೌನ್ಸೆಲಿಂಗ್ ಕೊಡಿಸಿ" ಎಂದು ಡಾಕ್ಟರು ಹೇಳಿದ ಮೇಲೆಯೇ ಮನೆಯವರ ಗೊಂದಲ ಶುರುವಾಗುವುದು. ಎಲ್ಲಿಗೆ ಹೋಗುವುದು, ಯಾರ ಹತ್ತಿರ, ಎಷ್ಟು ಸಲ? ಪೇಟೆಯಲ್ಲಿ ಒಂದು ಬೋರ್ಡು ಆಪ್ತಸಮಾಲೋಚನೆ ಎನ್ನುತ್ತದೆ, ಇನ್ನೊಂದು ಸೈಕೋಥೆರಪಿ, ಮತ್ತೊಂದು ಸಿಬಿಟಿ, ಅದರ ಪಕ್ಕದ್ದು ಹಿಪ್ನೋಥೆರಪಿ. ನಿಟ್ಟೂರಿನವರು ಗುಬ್ಬಿ ದಾಟಿ ತುಮಕೂರಿಗೆ ಹೋಗಿ ಬರುವುದೆಂದರೆ ಅರ್ಧ ದಿನ ಹೋಯಿತು. ಬೆಂಗಳೂರಾದರೆ ಇಡೀ ದಿನ. ಅಡಿಕೆ ಕೊಯ್ಲು, ತೆಂಗಿನಕಾಯಿ ಇಳಿಸುವ ಕೆಲಸದ ನಡುವೆ ವಾರಕ್ಕೊಂದು ಸಲ ಬಿಡುವು ಮಾಡಿಕೊಂಡು ಎರಡು ಮೂರು ತಿಂಗಳು ಓಡಾಡಬೇಕು. ಆಯ್ಕೆ ತಪ್ಪಿದರೆ ಹಣಕ್ಕಿಂತ ಮೊದಲು ನಂಬಿಕೆ ಹೋಗುತ್ತದೆ. "ಅದೂ ಮಾಡಿ ನೋಡಾಯ್ತು, ಏನೂ ಪ್ರಯೋಜನ ಇಲ್ಲ" ಎಂದು ಅರ್ಧಕ್ಕೇ ಬಿಟ್ಟವರನ್ನು ಮತ್ತೆ ಕರೆದೊಯ್ಯುವುದು ಬಹಳ ಕಷ್ಟ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವು ತೊಂದರೆಗಳಿಗೆ ಚಿಕಿತ್ಸೆಯ ಪದ್ಧತಿಯೇ ಮುಖ್ಯ. ಅಲ್ಲಿ ರಾಜಿ ಮಾಡಿಕೊಳ್ಳಬಾರದು. ಉಳಿದ ಬಹುಪಾಲು ತೊಂದರೆಗಳಲ್ಲಿ ಎದುರಿಗೆ ಕೂತವರು ಎಂಥವರು, ಅವರ ಬಳಿಗೆ ನೀವು ತಪ್ಪದೆ ಹೋಗಬಲ್ಲಿರಾ ಎನ್ನುವುದು ಪದ್ಧತಿಯ ಹೆಸರಿಗಿಂತ ಹೆಚ್ಚಿನದು.

ಪದ್ಧತಿಗಳ ಮಾತಿಗೆ ಮುಂಚೆ ಒಂದು ವಿಷಯ ತೀರ್ಮಾನವಾಗಬೇಕು. ಇದು ಮಾತಿನಿಂದ ಶುರು ಮಾಡುವ ಕಾಯಿಲೆಯೋ, ಔಷಧಿಯಿಂದಲೋ? ಯಾರೂ ಇಲ್ಲದಾಗ ದನಿ ಕೇಳಿಸುವುದು, ಮನೆಯವರೇ ಊಟಕ್ಕೆ ವಿಷ ಹಾಕುತ್ತಾರೆಂಬ ಅನುಮಾನ, ಮೂರ್ನಾಲ್ಕು ದಿನ ನಿದ್ದೆಯಿಲ್ಲದಿದ್ದರೂ ಆಯಾಸವಿಲ್ಲದೆ ಓಡಾಡುತ್ತ ಕಂಡಕಂಡಲ್ಲಿ ದುಡ್ಡು ಖರ್ಚು ಮಾಡುವುದು, ಅನ್ನ ನೀರು ಬಿಟ್ಟು ಮೂಲೆ ಹಿಡಿಯುವುದು: ಇವು ಕಂಡರೆ ಮೊದಲು ಮನೋವೈದ್ಯರ ಬಳಿಗೆ ಹೋಗಬೇಕು, ಕೌನ್ಸೆಲಿಂಗ್ ಆಮೇಲೆ. ಹೆರಿಗೆಯಾದ ಕೆಲವೇ ದಿನ, ವಾರಗಳಲ್ಲಿ ಬಾಣಂತಿಯ ಮಾತು, ನಡೆ ಇದ್ದಕ್ಕಿದ್ದಂತೆ ಬದಲಾದರೂ ಅಷ್ಟೇ. ಅದು ಅಂದೇ ಆಸ್ಪತ್ರೆಗೆ ಹೋಗಬೇಕಾದ ವಿಷಯ. ತ್ರಿವೇಣಿಯವರ 'ಶರಪಂಜರ' ಓದಿದವರಿಗೆ, 1971ರ ಪುಟ್ಟಣ್ಣನವರ ಸಿನಿಮಾ ನೋಡಿದವರಿಗೆ ಗೊತ್ತಿರುತ್ತದೆ: ನಾಯಕಿ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಬರುತ್ತಾಳೆ, ಅವಳನ್ನು ಮತ್ತೆ ಕೆಡಿಸುವುದು ಸುತ್ತಲಿನವರ ನೋಟ. ಔಷಧಿ ಕೆಲಸ ಮಾಡಿದ ಮೇಲೂ ಮನೆಯವರ ಜೊತೆ ಕೂತು ಮಾತಾಡುವ ಚಿಕಿತ್ಸೆ ಯಾಕೆ ಬೇಕು ಎಂಬುದಕ್ಕೆ ಇಷ್ಟು ಸಾಕು.

ಕುಡಿತದ ಬಗ್ಗೆ ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಕುಡಿದವರು ಯಾರದೋ ಬುದ್ಧಿಮಾತಿಗೆ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಕೈಕಾಲು ನಡುಗಿ ಭ್ರಮೆ ಹತ್ತಬಹುದು, ಜೀವಕ್ಕೇ ಅಪಾಯವಾಗಬಹುದು. ಬಿಡಿಸುವ ಮೊದಲ ವಾರ ವೈದ್ಯರ ಕೈಯಲ್ಲಿರಲಿ. ಮಾತಿನ ಕೆಲಸ ಆಮೇಲಿನದು. ಅದರಲ್ಲೂ ಗದರಿಸುವುದು, ಆಣೆ ಹಾಕಿಸುವುದು ಕೆಲಸಕ್ಕೆ ಬರುವುದಿಲ್ಲ. ಅಮೆರಿಕದ ವಿಲಿಯಂ ಮಿಲ್ಲರ್ 1983ರಲ್ಲಿ ವಿವರಿಸಿದ ಪದ್ಧತಿಯೊಂದು ಇಂದು ಬಹಳ ಕಡೆ ಬಳಕೆಯಲ್ಲಿದೆ. ಅದರಲ್ಲಿ ಕುಡಿಯುವವನ ಬಾಯಿಂದಲೇ ಬಿಡಬೇಕೆನ್ನುವ ಕಾರಣಗಳು ಹೊರಬರುವಂತೆ ಪ್ರಶ್ನೆ ಕೇಳುತ್ತಾರೆ. "ಮಗಳ ಮದುವೆ ಹೊತ್ತಿಗೆ ಹೇಗಿರಬೇಕು ಅಂತ ನಿಮಗೆ ಆಸೆ?" ಎಂದು ಕೇಳಿಸಿಕೊಂಡವನು ಕೊಡುವ ಉತ್ತರಕ್ಕೆ, "ಕುಡೀಬೇಡಿ" ಎನಿಸಿಕೊಂಡವನು ಕೊಡುವ ಉತ್ತರಕ್ಕಿಂತ ತೂಕ ಹೆಚ್ಚು.

ಈಗ ಪದ್ಧತಿ ನಿಜಕ್ಕೂ ಮುಖ್ಯವಾಗುವ ಜಾಗಕ್ಕೆ ಬರೋಣ. ನಿಟ್ಟೂರಿನಿಂದ ತುಮಕೂರಿನ ಕಾಲೇಜಿಗೆ ಹೋಗುವ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಒಂದು ದಿನ ತುಂಬಿದ ಬಸ್ಸಿನಲ್ಲಿ ಎದೆ ಡವಡವ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಸತ್ತೇಹೋದೆ ಎನಿಸುತ್ತದೆ. ಗುಬ್ಬಿಯಲ್ಲೇ ಇಳಿದುಬಿಡುತ್ತಾನೆ. ಇಸಿಜಿ ಸರಿಯಿದೆ, ಥೈರಾಯ್ಡ್ ಸರಿಯಿದೆ. ಮರುವಾರ ಬಸ್ಸು ಹತ್ತುವ ಮೊದಲೇ ಬೆವರು. ತಿಂಗಳೊಳಗೆ ಕಾಲೇಜು ಬಿಡುತ್ತಾನೆ. ಮನೆಯವರು ಯಂತ್ರ ಕಟ್ಟಿಸುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ, ಯಾರೋ ಹೇಳಿದರೆಂದು ಕೌನ್ಸೆಲಿಂಗಿಗೂ ಕಳಿಸುತ್ತಾರೆ. ಅಲ್ಲಿ ಆತನಿಗೆ ಧೈರ್ಯ ಹೇಳುತ್ತಾರೆ, ಬಾಲ್ಯದ ಬಗ್ಗೆ ಕೇಳುತ್ತಾರೆ. ಆತನಿಗೆ ಹಗುರವೆನಿಸುತ್ತದೆ. ಆದರೆ ಬಸ್ಸು ಹತ್ತಲು ಆಗುವುದಿಲ್ಲ.

ಇಂಥವರಿಗೆ ಬೇಕಾದದ್ದು ಅರಿವಿನ ವರ್ತನಾ ಚಿಕಿತ್ಸೆ, ಎಲ್ಲರ ಬಾಯಲ್ಲಿ ಸಿಬಿಟಿ. ವರ್ತನೆಯ ಕಡೆಯ ಬೇರು 1958ರಲ್ಲಿ ಪುಸ್ತಕ ಬರೆದ ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ಅವರಂಥವರದು. ಯೋಚನೆಯ ಕಡೆಯದನ್ನು 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ಕಟ್ಟಿದರು. ಇಲ್ಲಿ ಚಿಕಿತ್ಸಕರು ಮೊದಲು ಆ ಭಯ ಹೇಗೆ ಸುತ್ತಿಕೊಳ್ಳುತ್ತದೆಂದು ಕಾಗದದ ಮೇಲೆ ಬರೆಸುತ್ತಾರೆ: ಎದೆ ಬಡಿತ ಜೋರಾಯಿತು, 'ಹಾರ್ಟ್ ಅಟ್ಯಾಕ್' ಎಂದುಕೊಂಡೆ, ಹೆದರಿದೆ, ಬಡಿತ ಇನ್ನೂ ಜೋರಾಯಿತು, ಇಳಿದುಬಿಟ್ಟೆ, ಸಮಾಧಾನವಾಯಿತು. ಆ ಕೊನೆಯ ಸಮಾಧಾನವೇ ಕಾಯಿಲೆಯನ್ನು ಬೆಳೆಸುವುದು, ಯಾಕೆಂದರೆ 'ಇಳಿದದ್ದರಿಂದ ಬದುಕಿದೆ' ಎಂದು ಮೈ ಕಲಿತುಕೊಳ್ಳುತ್ತದೆ. ಕೋಣೆಯಲ್ಲೇ ಆತನನ್ನು ನಿಂತಲ್ಲಿ ಓಡಿಸಿ ಎದೆ ಬಡಿತ ಏರಿಸಿ, ಏನೂ ಆಗುವುದಿಲ್ಲವೆಂದು ಆತನೇ ಕಾಣುವಂತೆ ಮಾಡುವುದೂ ಉಂಟು.

ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ. ನಿಟ್ಟೂರು ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ನಿಲ್ಲುವುದು. ನಿಂತ ಬಸ್ಸಿನೊಳಗೆ ಕೂರುವುದು. ಅಣ್ಣನ ಜೊತೆ ಗುಬ್ಬಿಯವರೆಗೆ, ಕಿಟಕಿ ಪಕ್ಕ. ಅದೇ ದಾರಿ, ಅಣ್ಣ ಹಿಂದಿನ ಸೀಟಿನಲ್ಲಿ. ಒಬ್ಬನೇ ಗುಬ್ಬಿಗೆ. ಒಬ್ಬನೇ ತುಮಕೂರಿಗೆ, ಬೆಳಗಿನ ನೂಕುನುಗ್ಗಲಿನಲ್ಲಿ. ಭಯ ಬಂದಾಗ ಇಳಿಯಬಾರದು, ಫೋನಿನಲ್ಲಿ ಮುಖ ಹುದುಗಿಸಬಾರದು, ಮಾತ್ರೆಯನ್ನು ಜೇಬಿನಲ್ಲಿ ಮುಟ್ಟಿ ನೋಡಿಕೊಳ್ಳಬಾರದು. ಭಯ ಕೆಲವೇ ನಿಮಿಷದಲ್ಲಿ ತುದಿಗೇರಿ ತಾನಾಗಿ ಇಳಿಯುತ್ತದೆ. ಅದನ್ನು ಆತ ಸೀಟಿನಲ್ಲಿ ಕೂತೇ ನೋಡಬೇಕು. ಹತ್ತು ಹನ್ನೆರಡು ಭೇಟಿಗಳಲ್ಲಿ ಮುಗಿಯುವ ಕೆಲಸ ಇದು, ಹೆಚ್ಚಿನ ಶ್ರಮವೆಲ್ಲ ಮನೆಯಲ್ಲಿ, ದಾರಿಯಲ್ಲಿ. ಹೋಂವರ್ಕ್ ಕೊಡದ, ಹಿಂದಿನ ವಾರದ ಹೋಂವರ್ಕ್ ಏನಾಯಿತೆಂದು ಕೇಳದ ಸಿಬಿಟಿ ಹೆಸರಿಗಷ್ಟೇ ಸಿಬಿಟಿ.

ಗೀಳು ಕಾಯಿಲೆಯಲ್ಲೂ ಪದ್ಧತಿಗೆ ಪರ್ಯಾಯವಿಲ್ಲ. ನಮ್ಮ ಮನೆಗಳಲ್ಲಿ ಇದು ಮಡಿಯ ಮರೆಯಲ್ಲಿ ವರ್ಷಗಟ್ಟಲೆ ಅಡಗಿರಬಲ್ಲದು. ಮಡಿ ಮಾಡುವವರಿಗೆ ಸ್ನಾನ ಮುಗಿದರೆ ಮುಗಿಯಿತು. ಗೀಳಿನವರಿಗೆ ಮುಗಿಯುವುದಿಲ್ಲ. ಕೈಯ ಚರ್ಮ ಸುಲಿದರೂ ಮತ್ತೊಂದು ಸಲ, ಸೋಪು ಮುಗಿದರೂ ಮತ್ತೊಂದು ಸಲ. ಬಾಗಿಲಲ್ಲೇ ಮಗ ಬಟ್ಟೆ ಬದಲಿಸಬೇಕು, ಗಂಡ ಕಾಲಿಗೆ ನೀರು ಹಾಕಿಕೊಂಡೇ ಒಳಬರಬೇಕು. ಮನೆಯವರೆಲ್ಲ ಜಗಳ ಬೇಡವೆಂದು ಒಪ್ಪಿಕೊಂಡಷ್ಟೂ ಕಾಯಿಲೆ ಗಟ್ಟಿಯಾಗುತ್ತದೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ತೋರಿಸಿಕೊಟ್ಟ ದಾರಿ ಇಂದಿಗೂ ಇದರ ಮುಖ್ಯ ಮಾತಿನ ಚಿಕಿತ್ಸೆ: ಅಸಹ್ಯವೆನಿಸುವುದನ್ನು ಮುಟ್ಟಬೇಕು, ತೊಳೆಯದೆ ಇರಬೇಕು, ಕಳವಳ ಇಳಿಯುವವರೆಗೆ ಕಾಯಬೇಕು. ಮನೆಯವರು ಗೀಳಿಗೆ ಕೈ ಜೋಡಿಸುವುದನ್ನು ಸ್ವಲ್ಪಸ್ವಲ್ಪವಾಗಿ ನಿಲ್ಲಿಸಬೇಕು. ಮಾತ್ರೆಯ ಜೊತೆಗೂ ಇದನ್ನು ಮಾಡುತ್ತಾರೆ. "ನಿಮ್ಮ ಕೈ ಶುದ್ಧವಾಗಿಯೇ ಇದೆ, ಏನೂ ಆಗಲ್ಲ" ಎಂದು ಪದೇಪದೇ ಭರವಸೆ ಕೊಡುವ ಆಪ್ತಸಮಾಲೋಚನೆ ಗೀಳಿಗೆ ಮೇವು ಹಾಕಿದಂತೆ. ಹಾಗಾಗಿ ಗೀಳಿಗೆ ಚಿಕಿತ್ಸೆ ಹುಡುಕುವವರು "ನೀವು ಈ ಮುಟ್ಟಿಸುವ, ತೊಳೆಯದೆ ತಡೆಯುವ ಚಿಕಿತ್ಸೆ ಮಾಡುತ್ತೀರಾ?" ಎಂದು ನೇರವಾಗಿ ಕೇಳಲೇಬೇಕು. ಇಲ್ಲವೆಂದರೆ ನಮಸ್ಕಾರ ಹೇಳಿ ಬೇರೆ ಕಡೆ ನೋಡಿ.

ಖಿನ್ನತೆಗೆ ದಾರಿಗಳು ಹಲವು. ಸಿಬಿಟಿಯಲ್ಲಿ 'ನನ್ನ ಕೈಲಾಗಲ್ಲ, ನಾನು ಎಲ್ಲರಿಗೂ ಭಾರ' ಎನ್ನುವ ಯೋಚನೆಗಳನ್ನು ಬರೆದಿಟ್ಟು ಅವು ಎಷ್ಟು ನಿಜವೆಂದು ಒರೆಗೆ ಹಚ್ಚುತ್ತಾರೆ. ಓದು ಬರಹ ಅಷ್ಟಾಗಿ ಇಲ್ಲದವರಿಗೆ, ಯೋಚನೆಗಳನ್ನು ಹೀಗೆ ಬಿಡಿಸಿಡುವುದು ಒಗ್ಗದವರಿಗೆ ಇನ್ನೊಂದು ದಾರಿಯಿದೆ. ನಮ್ಮ ಭಾಗಕ್ಕೆ ಅದೇ ಹೆಚ್ಚು ಹೊಂದುತ್ತದೆ ಎಂದು ನನಗನಿಸುತ್ತದೆ. ಮನಸ್ಸು ಬಂದ ಮೇಲೆ ತೋಟಕ್ಕೆ ಹೋಗುತ್ತೇನೆ ಎಂದು ಕಾಯುವ ಬದಲು, ಮನಸ್ಸಿಲ್ಲದಿದ್ದರೂ ಬೆಳಿಗ್ಗೆ ಏಳಕ್ಕೆ ಎರಡು ಸಾಲು ತೆಂಗಿಗೆ ನೀರು ಬಿಟ್ಟು ಬರುವುದು. ಮಾಡಿದ ಮೇಲೆ ಹೇಗನಿಸಿತೆಂದು ಗುರುತು ಹಾಕಿಕೊಳ್ಳುವುದು. ಮುಂದಿನ ವಾರ ಸಂಜೆ ಅರಳಿಕಟ್ಟೆಗೆ ಹೋಗಿ ಹತ್ತು ನಿಮಿಷ ಕೂರುವುದು. ಕೆಲಸ ಮೊದಲು, ಹುರುಪು ಆಮೇಲೆ. ಪಕ್ಕದ ಗೋವಾದಲ್ಲಿ ಸಂಗಾತ್ ಸಂಸ್ಥೆಯವರು ಮನೋವಿಜ್ಞಾನದ ಪದವಿಯಿಲ್ಲದ ಸ್ಥಳೀಯರಿಗೇ ಈ ಪದ್ಧತಿಯಲ್ಲಿ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಆರರಿಂದ ಎಂಟು ಭೇಟಿಗಳಲ್ಲೇ ತೀವ್ರ ಖಿನ್ನತೆಯವರಿಗೂ ಮಾಮೂಲಿ ಆರೈಕೆಗಿಂತ ಹೆಚ್ಚಿನ ಉಪಯೋಗವಾಯಿತೆಂಬ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ದೊಡ್ಡ ಡಿಗ್ರಿಯವರು ಸಿಗದ ಹೋಬಳಿಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ?

ಸಾವು, ಮದುವೆ, ನಿವೃತ್ತಿ, ಅಣ್ಣತಮ್ಮಂದಿರ ಪಾಲು-ಪಾರೀಕತ್ತು, ಇಂಥ ತಿರುವಿನಲ್ಲಿ ಮನಸ್ಸು ಕುಸಿದಿದ್ದರೆ ಸಂಬಂಧಗಳನ್ನೇ ಹಿಡಿದು ಕೆಲಸ ಮಾಡುವ ಅಂತರ್‌ವ್ಯಕ್ತಿ ಚಿಕಿತ್ಸೆಯೂ ಇದೆ. 1970ರ ದಶಕದಲ್ಲಿ ಜೆರಾಲ್ಡ್ ಕ್ಲರ್ಮನ್ ಮತ್ತು ಮಿರ್ನಾ ವೈಸ್ಮನ್ ರೂಪಿಸಿದ್ದು, ಹನ್ನೆರಡರಿಂದ ಹದಿನಾರು ವಾರದ್ದು.

ಮನೋವಿಶ್ಲೇಷಣೆ ಭಾರತಕ್ಕೆ ಬೇಗ ಬಂತು. ಗಿರೀಂದ್ರಶೇಖರ ಬೋಸ್ 1922ರಲ್ಲೇ ಕಲ್ಕತ್ತೆಯಲ್ಲಿ ಅದರ ಸಂಘ ಕಟ್ಟಿದ್ದರು. ಮತ್ತೆ ಮತ್ತೆ ಅದೇ ಬಗೆಯ ಸಂಬಂಧದಲ್ಲಿ ಸಿಕ್ಕಿಬೀಳುವವರಿಗೆ, ಕಾರಣ ತಿಳಿಯದೆ ಒಳಗೊಳಗೇ ಬೇಯುವವರಿಗೆ ಅದರಿಂದ ಬೆಳೆದ ಚಿಕಿತ್ಸೆಗಳು ಆಳವಾದ ನೆರವು ಕೊಡುತ್ತವೆ. ಆದರೆ ಪೂರ್ಣ ಪ್ರಮಾಣದ ಮನೋವಿಶ್ಲೇಷಣೆಗೆ ವಾರಕ್ಕೆ ಹಲವು ಸಲ, ಹಲವು ವರ್ಷ ಹೋಗಬೇಕು. ನಿಟ್ಟೂರಿನಲ್ಲಿದ್ದು ಅದನ್ನು ನಡೆಸುವುದು ಆಗದ ಮಾತು. ಅದರ ಚಿಕ್ಕ ರೂಪಗಳನ್ನು ಬಲ್ಲವರು ಬೆಂಗಳೂರಿನಲ್ಲಿದ್ದಾರೆ.

ಕಾರ್ಲ್ ರೋಜರ್ಸ್ 1940ರ ದಶಕದಲ್ಲಿ ಹೇಳಿದ್ದು ಇನ್ನೊಂದೇ ದಾರಿ. ಬಂದವರಿಗೆ ತೀರ್ಪು ಕೊಡದೆ, ಸಲಹೆ ಹೇರದೆ, ಪೂರ್ತಿ ಮನಸ್ಸಿಟ್ಟು ಕೇಳಿದರೆ ಅವರ ದಾರಿಯನ್ನು ಅವರೇ ಕಂಡುಕೊಳ್ಳುತ್ತಾರೆ ಎನ್ನುವುದು. ನಮ್ಮಲ್ಲಿ ಆಪ್ತಸಮಾಲೋಚನೆ ಕಲಿಯುವವರು ಮೊದಲು ಕಲಿಯುವುದು ಇದನ್ನೇ. ಕೆಲಸದಲ್ಲಿ ಮಾತ್ರ ಮೊದಲು ಮರೆಯುವುದೂ ಇದೇ. ಎದುರಿಗೆ ಕೂತ ಹೆಣ್ಣುಮಗಳು ಎರಡು ವಾಕ್ಯ ಮುಗಿಸುವ ಮುನ್ನ "ಹೊಂದಿಕೊಂಡು ಹೋಗಮ್ಮ, ಎಲ್ಲರ ಮನೆ ದೋಸೆನೂ ತೂತೇ" ಎಂದುಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಮಾತನ್ನು ಅವಳು ಅಷ್ಟು ಹೊತ್ತಿಗೆ ತವರಿನಲ್ಲಿ, ನೆರೆಯಲ್ಲಿ, ಪಂಚಾಯ್ತಿಯಲ್ಲಿ ಕೇಳಿಯೇ ಬಂದಿರುತ್ತಾಳೆ.

ಕುಟುಂಬ ಚಿಕಿತ್ಸೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಮ್ಮ ಕಡೆ ಒಬ್ಬರೇ ಡಾಕ್ಟರ ಬಳಿ ಹೋಗುವುದು ಅಪರೂಪ. ಅಪ್ಪ, ಸೋದರಮಾವ, ಅತ್ತೆ, ಎಲ್ಲರೂ ಬಂದಿರುತ್ತಾರೆ. 1957ರ ಹೊತ್ತಿಗೆ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡು ಆರೈಕೆಯಲ್ಲಿ ಪಾಲ್ಗೊಳ್ಳುವಂತೆ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1977ರಿಂದ ಕುಟುಂಬ ಮನೋವೈದ್ಯ ಕೇಂದ್ರವಿದೆ. ಗಂಡ ಹೆಂಡತಿ ಮಕ್ಕಳನ್ನು ಒಟ್ಟಿಗೇ ಒಳರೋಗಿಗಳಾಗಿ ಉಳಿಸಿಕೊಂಡು ಚಿಕಿತ್ಸೆ ಕೊಡುವ ಪದ್ಧತಿ ಅಲ್ಲಿಯದು. ಈ ಚಿಕಿತ್ಸೆಯಲ್ಲಿ "ತಪ್ಪು ಯಾರದು?" ಎಂಬ ಪ್ರಶ್ನೆಯನ್ನು ಬದಿಗಿಡುತ್ತಾರೆ. ಯಾರು ಮಾತಾಡಿದರೆ ಯಾರು ಸುಮ್ಮನಾಗುತ್ತಾರೆ, ಮಗನ ಸಂಗತಿಯನ್ನು ತಾಯಿ ತಂದೆಯಿಂದ ಮುಚ್ಚಿಡುವುದು ಯಾಕೆ, ದೊಡ್ಡವರ ಜಗಳದ ನಡುವೆ ಹತ್ತು ವರ್ಷದ ಹುಡುಗಿಗೆ ಹೊಟ್ಟೆನೋವು ಬರುವುದು ಯಾವಾಗ ಎಂಬುದನ್ನು ಗಮನಿಸುತ್ತಾರೆ. ಹರೆಯದ ಮಕ್ಕಳ ತೊಂದರೆಗೆ, ಸ್ಕಿಜೋಫ್ರೇನಿಯಾ ಇರುವವರು ಮನೆಗೆ ಮರಳಿದ ಮೇಲೆ ಮತ್ತೆ ಕೆಡದಂತೆ ನೋಡಿಕೊಳ್ಳಲು, ಇದು ಒಬ್ಬರೇ ಕೂತು ಮಾತಾಡುವುದಕ್ಕಿಂತ ಹೆಚ್ಚು ಫಲ ಕೊಡಬಲ್ಲದು.

ಒಂದು ಸಂದರ್ಭದಲ್ಲಿ ಮಾತ್ರ ಇದು ಬೇಡ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಕೌನ್ಸೆಲಿಂಗ್ ಶುರು ಮಾಡಬಾರದು. ಅವಳು ಅಲ್ಲಿ ನಿಜ ಹೇಳಿದರೆ ಸಂಜೆ ಮನೆಯಲ್ಲಿ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಮೊದಲು ಅವಳ ಸುರಕ್ಷತೆ: ಮಹಿಳಾ ಸಹಾಯವಾಣಿ 181, ಸಖಿ ಒನ್ ಸ್ಟಾಪ್ ಸೆಂಟರ್. ಮಾತು ಆಮೇಲೆ, ಅದೂ ಬೇರೆ ಬೇರೆಯಾಗಿ.

ಹಾಗಾದರೆ ಇಷ್ಟೆಲ್ಲ ಪದ್ಧತಿಗಳಲ್ಲಿ ಗೆಲ್ಲುವುದು ಯಾವುದು? ಸಾಲ್ ರೋಸೆನ್‌ಜ್ವೈಗ್ ಎಂಬ ಅಮೆರಿಕನ್ ಮನೋವಿಜ್ಞಾನಿ 1936ರಲ್ಲೇ ಒಂದು ಮಾತೆತ್ತಿದ್ದರು: ಬೇರೆ ಬೇರೆ ಚಿಕಿತ್ಸೆಗಳು ಸರಿಸುಮಾರು ಒಂದೇ ಮಟ್ಟದ ಫಲ ಕೊಡುತ್ತಿದ್ದರೆ ಅದಕ್ಕೆ ಅವೆಲ್ಲವುಗಳಲ್ಲೂ ಇರುವ ಸಮಾನ ಅಂಶಗಳೇ ಕಾರಣವಿರಬೇಕು. ಆ ವಾದ ಇನ್ನೂ ಮುಗಿದಿಲ್ಲ. ಚಿಕಿತ್ಸಕರ ಮತ್ತು ಬಂದವರ ನಡುವಿನ ನಂಬಿಕೆ, ಗುರಿಯ ಬಗ್ಗೆ ಇಬ್ಬರಲ್ಲೂ ಇರುವ ಒಮ್ಮತ, ಇವು ಯಾವ ಪದ್ಧತಿಯಲ್ಲಾದರೂ ಫಲಿತಾಂಶದೊಂದಿಗೆ ಹೊಂದಿಕೊಂಡು ಬರುತ್ತವೆ ಎಂಬುದು ಮಾತ್ರ ಗಟ್ಟಿಯಾಗಿ ನಿಂತಿದೆ. ಬಸ್ಸಿನ ಭಯ, ಗೀಳು ಇಂಥವನ್ನು ಬಿಟ್ಟರೆ, ನಿಮ್ಮ ಭಾಷೆಯಲ್ಲಿ ಮಾತಾಡುವ, ನಿಮ್ಮ ಮನೆಯ ಪರಿಸ್ಥಿತಿ ಅರ್ಥವಾಗುವ, ಪ್ರತಿ ವಾರ ತಲುಪಬಹುದಾದ ಒಬ್ಬರನ್ನು ಹುಡುಕಿ ಎಂದು ನಾನು ಹೇಳುವುದು ಅದಕ್ಕೇ.

ಆದರೆ ಯಾರನ್ನು? ಮನೋವೈದ್ಯರು ಎಂದರೆ ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಮುಂತಾದ್ದನ್ನು ಓದಿದವರು; ಔಷಧಿ ಬರೆಯುವವರು ಅವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿಕೊಳ್ಳಲು ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ತರಬೇತಿ ಆಗಿರಬೇಕು, ಅಲ್ಲಿ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಕೇಳಲು ಸಂಕೋಚ ಬೇಡ. ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್‌ಗಳು ಕುಟುಂಬದ ಕೆಲಸದಲ್ಲಿ, ಪಿಂಚಣಿ, ಅಂಗವಿಕಲರ ಪ್ರಮಾಣಪತ್ರದಂಥ ವಿಷಯಗಳಲ್ಲಿ ಪಳಗಿದವರು. ಆಪ್ತಸಮಾಲೋಚಕರಲ್ಲಿ ಎರಡು ವರ್ಷ ಓದಿ ಮೇಲ್ವಿಚಾರಣೆಯಲ್ಲಿ ಪಳಗಿದವರೂ ಇದ್ದಾರೆ, ವಾರಾಂತ್ಯದ ಸರ್ಟಿಫಿಕೇಟ್ ಹಿಡಿದವರೂ ಇದ್ದಾರೆ, ಕೇಳದೆ ಗೊತ್ತಾಗುವುದಿಲ್ಲ. ಪೂರ್ವಜನ್ಮಕ್ಕೆ ಕರೆದೊಯ್ಯುತ್ತೇವೆ ಎನ್ನುವವರು, ಒಂದೇ ಸಿಟ್ಟಿಂಗಿನಲ್ಲಿ ಗ್ಯಾರಂಟಿ ಎನ್ನುವವರು, ಮನೋವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಬನ್ನಿ ಎನ್ನುವವರಿಂದ ದೂರವಿರಿ. ಮಾತ್ರೆ ನಿಲ್ಲಿಸುವ ತೀರ್ಮಾನ ಬರೆದುಕೊಟ್ಟವರದು.

ನಿಟ್ಟೂರಿನಿಂದ ಹತ್ತಿರದ ಮೆಟ್ಟಿಲು ಫೋನು. ಕೇಂದ್ರ ಸರ್ಕಾರದ ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾಯಿತು. ಸಂಖ್ಯೆ 14416, ಹಗಲು ರಾತ್ರಿ, ಕನ್ನಡದಲ್ಲಿ, ಉಚಿತ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಮೊದಲು ಅಲ್ಲಿಗೆ ಕರೆ ಮಾಡಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಗುಬ್ಬಿಗೆ ಹೊರಡುವ ಮೊದಲು ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಇವೆಲ್ಲದರ ಬೇರು ಬಳ್ಳಾರಿಯಲ್ಲಿದೆ ಎಂಬುದು ನಮಗೆ ಹೆಮ್ಮೆಯ ಸಂಗತಿ: 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗ ಗುರುತಿಸಲು ಕಲಿಸಿತು, ಆ ಮಾದರಿಯೇ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಹೋಗುವ ಮೊದಲು ಒಂದಿಷ್ಟು ಓದಿಕೊಳ್ಳಬೇಕೆನಿಸಿದರೆ, ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳಿವೆ. 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ 'ಮನಮಂಥನ'ವೂ ಇದೆ; ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು.

"ಗುಬ್ಬಿಯಲ್ಲಿ ಯಾರಾದ್ರೂ ನೋಡಿದ್ರೆ?" ಎಂಬ ಅಳುಕು ಸಣ್ಣದಲ್ಲ, ಅದರಲ್ಲೂ ಮದುವೆಗೆ ಬಂದ ಮಕ್ಕಳಿದ್ದ ಮನೆಯಲ್ಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗುಟ್ಟು ಕಾಪಾಡಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಜೀವಕ್ಕೆ ಅಪಾಯವಿದ್ದಾಗ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದಾಗ, ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಚಿಕಿತ್ಸಕರು ಬೇರೆಯವರಿಗೆ ತಿಳಿಸಬೇಕಾಗುತ್ತದೆ. ಇದನ್ನು ಮೊದಲ ದಿನವೇ ಅವರು ಹೇಳಬೇಕು. ಫೋನಿನಲ್ಲಿ ಚಿಕಿತ್ಸೆ ಪಡೆಯುವವರು ಮಾತಾಡುವ ಜಾಗವನ್ನೂ ನೋಡಿಕೊಳ್ಳಬೇಕು. ಗೋಡೆಯಾಚೆ ಅತ್ತೆಯಿದ್ದಾಗ ಅತ್ತೆಯ ವಿಷಯ ಹೇಳಲಾಗುವುದಿಲ್ಲ. ತೋಟದಲ್ಲಿ ನೆಟ್‌ವರ್ಕ್ ಸಿಗುವ ಒಂದು ಮರದಡಿ ಸಾಕು.

ಸಾಯುವ ಯೋಚನೆ ಬರುತ್ತಿದ್ದರೆ ಯಾವ ಪದ್ಧತಿ ಎಂದು ಹುಡುಕುತ್ತ ಕೂರಬೇಡಿ. ಅಂದೇ 14416ಕ್ಕೆ ಕರೆ ಮಾಡಿ ಅಥವಾ ಆಸ್ಪತ್ರೆಗೆ ಹೋಗಿ. ಮನೆಯವರು ತೋಟದ ಔಷಧಿ ಡಬ್ಬಗಳನ್ನು ಬೀಗದೊಳಗಿಟ್ಟು, ಅಂಥ ಯೋಚನೆ ಬರುತ್ತಿರುವವರನ್ನು ಒಬ್ಬರನ್ನೇ ಬಿಡದೆ ಜೊತೆಗಿರಲಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಬಾಯಿಬಿಟ್ಟು ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಪ್ರಯತ್ನಿಸಿದವರಿಗೆ ಶಿಕ್ಷೆಯಾಗುತ್ತದೆ ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ಒಯ್ಯಲು ತಡಮಾಡಬೇಡಿ; 2017ರ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ.

ಮೊದಲ ಭೇಟಿಗೆ ಹಳೆಯ ಚೀಟಿಗಳು, ಮಾತ್ರೆಯ ಖಾಲಿ ಸ್ಟ್ರಿಪ್ಪುಗಳು, ರಕ್ತ ಪರೀಕ್ಷೆಯ ವರದಿ ಜೊತೆಗಿರಲಿ. ಗಿಡಮೂಲಿಕೆ, ಮಂತ್ರದ ನೀರು ಏನು ತೆಗೆದುಕೊಂಡಿದ್ದರೂ ಹೇಳಿ. ದೇವರಿಗೆ ಹೋಗುವುದನ್ನು ಬಿಡಬೇಕಿಲ್ಲ. ಎಡೆಯೂರಿಗೆ ಹೋಗಿ ಬಂದು ಮಾತ್ರೆಯನ್ನೂ ನುಂಗಬಹುದು. ಅರ್ಧ ಹೊತ್ತಾದರೂ ಮನೆಯವರಿಲ್ಲದೆ ಒಬ್ಬರೇ ಮಾತಾಡಲು ಅವಕಾಶ ಕೇಳಿ. ಇದಕ್ಕೆ ನೀವು ಯಾವ ಚಿಕಿತ್ಸೆ ಕೊಡುತ್ತೀರಿ, ಸುಮಾರು ಎಷ್ಟು ಭೇಟಿ, ಫೀಸು ಎಷ್ಟು, ಉಪಯೋಗವಾಗುತ್ತಿದೆಯೇ ಎಂದು ಹೇಗೆ ನೋಡುತ್ತೀರಿ, ಈ ನಾಲ್ಕು ಪ್ರಶ್ನೆಗೆ ಸರಳ ಕನ್ನಡದಲ್ಲಿ ಉತ್ತರ ಸಿಗಬೇಕು.

ನಾಲ್ಕೈದು ಭೇಟಿಯಾದರೂ ಏನೂ ಬದಲಾಗಿಲ್ಲವೆನಿಸಿದರೆ ಸುಮ್ಮನೆ ಹೋಗುವುದನ್ನು ಬಿಡಬೇಡಿ, ಅದನ್ನೇ ಅವರ ಎದುರು ಹೇಳಿ. ಒಳ್ಳೆಯವರಾದರೆ ಬೇಸರಪಡುವುದಿಲ್ಲ, ದಾರಿ ಬದಲಿಸುತ್ತಾರೆ, ಇಲ್ಲವೇ ಬೇರೆಯವರಿಗೆ ಪತ್ರ ಬರೆದುಕೊಡುತ್ತಾರೆ. ಗುಣವಾಗುತ್ತ ಬಂದಂತೆ ವಾರದ ಭೇಟಿ ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ ಇಳಿಯುತ್ತದೆ. ಕೊನೆಯ ಭೇಟಿಗಳಲ್ಲಿ ಒಂದು ಹಾಳೆ ಬರೆಸಿಕೊಳ್ಳಿ: ಕಾಯಿಲೆ ಮರಳುವ ಮೊದಲ ಲಕ್ಷಣಗಳು ಯಾವುವು, ಆಗ ನೀವೇ ಮಾಡಬೇಕಾದ್ದೇನು, ಮನೆಯಲ್ಲಿ ಯಾರಿಗೆ ಹೇಳಬೇಕು, ಯಾವ ನಂಬರಿಗೆ ಕರೆ ಮಾಡಬೇಕು. ಅದರ ಒಂದು ಪ್ರತಿ ನಿಮ್ಮ ಹತ್ತಿರ, ಇನ್ನೊಂದು ನೀವು ನಂಬುವ ಒಬ್ಬರ ಹತ್ತಿರ ಇರಲಿ.